ಎಲೆಯೊಳಗೆ ಹೋದ ಹಲ್ಲಿನ ಪ್ಲೇಟು

ಎಂಬತ್ತರ ದಶಕದಲ್ಲಿ ಬಸವನಗುಡಿಯ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಹಲ್ಲುಜ್ಜದೆ ಯಾರೂ ಮಲಗುವಂತಿರಲಿಲ್ಲ. ತವರಿನಿಂದ ನಾನು ತಂದ ಶಿಸ್ತು ಅದು. ಆದರೆ ಮಗಳ ಹಲ್ಲುಜ್ಜಿಸಿ ದೀಪ ಆರಿಸಿದ ಮೇಲೆ ನಮ್ಮತ್ತೆ ಅವಳ ಬಾಯಿಗೆ ಕಲ್ಲುಸಕ್ಕರೆ ಇಡುತ್ತಿದ್ದರು. ಕೇಳಿದರೆ, "ಹಾಲುಹಲ್ಲು ತಾನೇ, ಹೋದ್ರೆ ಹೋಯ್ತು ಬಿಡೇ" ಎನ್ನುವರು.

ಹೋದವು. ಹುಳುಕಾಗಿ, ತಾವಾಗಿ ಬೀಳುವ ಮೊದಲೇ ಕೀಳಿಸಬೇಕಾಯಿತು. ಖಾಲಿ ಜಾಗಕ್ಕೆ ಅಕ್ಕಪಕ್ಕದವು ವಾಲಿಕೊಂಡವು, ಹೊಸವು ಒಂದರ ಮೇಲೊಂದು ಹತ್ತಿ ಬಂದವು. ಶಾಲೆಯಲ್ಲಿ ಮಗಳಿಗೆ 'ತುರಿಮಣೆ' ಎಂದು ಹೆಸರಾಯಿತು. ಕೈ ಅಡ್ಡ ಹಿಡಿಯದೆ ಅವಳು ನಗುವುದೇ ನಿಂತುಹೋಯಿತು. ಅತ್ತೆ ತಾವು ಕಟ್ಟಿಸಿಕೊಂಡ ಹಲ್ಲು ತೋರಿಸಿ, "ಈ ಮನೇಲಿ ನೆಟ್ಟಗಿರೋದು ನಂದೊಂದೇ ನೋಡು" ಎಂದು ಅವಳನ್ನು ನಗಿಸಲು ನೋಡಿದರು. ಅವಳು ನಗಲಿಲ್ಲ.

ಹಲ್ಲಿನ ಆಸ್ಪತ್ರೆಗೆ ಅಲೆದಾಟ ಶುರುವಾಯಿತು. ಅವಳಿಗೆ ಶಾಲೆ ತಪ್ಪುವುದು, ನನಗೆ ಆಫೀಸು. ಬಸ್ಸು, ಬೆಂಚು, ಮತ್ತೆ ಬಸ್ಸು. ಹಿಟ್ಟಿನಂಥದ್ದನ್ನು ಕಚ್ಚಿಸಿ ಅಚ್ಚು ತೆಗೆಯುವಾಗ ಓಕರಿಕೆ ಬಂದು ಅವಳ ಕಣ್ಣಲ್ಲಿ ನೀರು ಸುರಿಯಿತು. ಕೊನೆಗೆ ಹಲ್ಲು ನೆಟ್ಟಗೆ ಮಾಡುವ, ತಂತಿ ಕೂರಿಸಿದ ಗುಲಾಬಿ ಬಣ್ಣದ ಪ್ಲೇಟು ಬಂತು. ಊಟಕ್ಕೆ ಮುಂಚೆ ತೆಗೆಯಬೇಕು, ಆಮೇಲೆ ತೊಳೆದು ಹಾಕಿಕೊಳ್ಳಬೇಕು. ಮಗಳು ಒಂದು ದಿನವೂ ತಪ್ಪಿಸಲಿಲ್ಲ. ಕೆಲವು ತಿಂಗಳಾದ ಮೇಲೆ ಕನ್ನಡಿಯ ಮುಂದೆ ನನ್ನನ್ನು ಕರೆದು, "ಸರಿದಿದೆ ಅಲ್ವೇನಮ್ಮಾ?" ಎಂದಳು. ಸರಿದಿತ್ತು.

ಆ ದಿನಗಳಲ್ಲೇ ಚಾಮರಾಜಪೇಟೆಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತ ಮಗಳು ಪ್ಲೇಟು ತೆಗೆದು ಎಲೆಯ ತುದಿಗೆ, ಉಪ್ಪಿನ ಪಕ್ಕ ಇಟ್ಟಳು. ಊಟ ಮುಗಿದ ಮೇಲೆ, ನಾನು ಕಲಿಸಿದ್ದ ಹಾಗೆ, ಎಲೆಯನ್ನು ನೀಟಾಗಿ ಮಡಿಸಿ ಎದ್ದಳು. ಬಾಯಿ ಮುಕ್ಕಳಿಸುವಾಗ ನೆನಪಾಯಿತು. ಅಷ್ಟರಲ್ಲಿ ಎಲೆಗಳೆಲ್ಲ ಛತ್ರದ ಹಿತ್ತಲು ಸೇರಿದ್ದವು.

ರೇಷ್ಮೆ ಸೀರೆ ಎತ್ತಿ ಕಟ್ಟಿ ನಾನು ಎಂಜಲೆಲೆ ಬಿಡಿಸುತ್ತ ಕೂತೆ. ಎಲೆ ತಂದು ಸುರಿಯುತ್ತಿದ್ದವನು ಕೇಳಿದ:

"ಓಲೆ ಬಿತ್ತೇನಮ್ಮಾ?"

"ಅಲ್ಲಪ್ಪಾ, ಹಲ್ಲು."

"ಅಜ್ಜೀದಾ?"

"ಮಗೂದು."

ಅವನು ಮಗಳ ಮುಖ ನೋಡಿದ. ಅವಳು ಕೈ ಅಡ್ಡ ಹಿಡಿದಳು. ಅವನೂ ಕೂತು ಹುಡುಕಿದ. ಪ್ಲೇಟು ಸಿಕ್ಕಿತು. ಯಾರದೋ ಕಾಲಿಗೆ ಸಿಕ್ಕಿ ಬಿರುಕು ಬಿಟ್ಟಿತ್ತು, ತಂತಿ ಸೊಟ್ಟಗಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ತಿರುಗಿಸಿ ನೋಡಿ, "ಇದು ಆಗಲ್ಲ. ಹೊಸ ಅಚ್ಚು ತೆಗೀಬೇಕು. ಹೊಸ ಪ್ಲೇಟು ಬರೋ ಹೊತ್ತಿಗೆ ಹಲ್ಲು ಸ್ವಲ್ಪ ವಾಪಸ್ ಹೋಗಿರುತ್ತೆ" ಎಂದರು.

"ಮತ್ತೆ ಆ ಹಿಟ್ಟು ಕಚ್ಬೇಕೇನಮ್ಮಾ?"

"ಕಚ್ಬೇಕು."

ಬ್ಯಾಗನ್ನು ಬೆಂಚಿನ ಮೇಲಿಟ್ಟು ಅವಳ ಕುರ್ಚಿಯ ಹಿಂದೆ ಹೋಗಿ ನಿಂತೆ. ಅವಳು ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಬಾಯಿಗೆ ಅಡ್ಡ ಹಿಡಿದಿದ್ದ ಕೈ ತೆಗೆದಳು.