ಸ್ಲೋದಾಗ ನಿಲ್ಲದ ಇಂಜಿನ್

ಕುರುಗೋಡಿನ ನನ್ನ ಗ್ಯಾರೇಜಿಗೆ ಬರುವುದೆಲ್ಲ ಬೈಕು, ಟಿಲ್ಲರು, ಔಷಧಿ ಹೊಡೆಯುವ ಪಂಪು. ಎರಡು ವರ್ಷದ ಹಿಂದೆ ಸಿರುಗುಪ್ಪದ ಅಕ್ಕಿ ಮಿಲ್ಲಿನ ಮಾಲೀಕರೊಬ್ಬರು ಟ್ರೈಲರಿನ ಮೇಲೆ ವಾಟರ್ ಸ್ಕೂಟರ್ ಹೇರಿಕೊಂಡು ಬಂದರು. ಹೊಳೆಯಲ್ಲಿ ಓಡಿಸುವ ಆಸೆಗೆ ಹಳೆಯದನ್ನು ಕೊಂಡಿದ್ದರು, ಇಂಜಿನ್ ಸೀಜ್ ಆಗಿ ತಿರುಗದೆ ನಿಂತಿತ್ತು. ಅಂಥ ಗಾಡಿಯನ್ನು ನಾನು ಕಣ್ಣಾರೆ ನೋಡಿದ್ದೇ ಅವತ್ತು. ಆದರೆ ಸೀಟು ಎತ್ತಿದರೆ ಒಳಗಿದ್ದದ್ದು ಟೂ ಸ್ಟ್ರೋಕ್ ಇಂಜಿನ್. ಎರಡು ಸಿಲಿಂಡರು, ಎರಡು ಕಾರ್ಬುರೇಟರು. ಅದು ನನಗೇನೂ ಹೊಸದಲ್ಲ.

"ಮಾಡ್ತೀನಿ ಬಿಡ್ರಿ" ಅಂದೆ.

ಹೊಸ ಪಿಸ್ಟನ್, ರಿಂಗು, ಸೀಲು ಹಾಕಿ ಕಟ್ಟುವುದಕ್ಕೆ ಮೂರು ವಾರ ಹಿಡಿಯಿತು. ಮಾಲೀಕರ ಎದುರೇ ಸ್ಟಾರ್ಟ್ ಮಾಡಿದೆ. ಆಕ್ಸಿಲರೇಟರ್ ಕೊಟ್ಟರೆ ಚೆನ್ನಾಗಿ ಏರುತ್ತಿತ್ತು. ಬಿಟ್ಟರೆ ಸ್ಲೋದಲ್ಲಿ ಓಡದೆ ಗಡಗಡ ನಡುಗಿ, ಕೆಮ್ಮಿ, ಆಫ್ ಆಗುತ್ತಿತ್ತು.

"ಹೆಣ್ಮಕ್ಕಳ ಕೈಗೆ ಕೊಡಬ್ಯಾಡ ಅಂತ ಮನ್ಯಾಗ ಬಡಕೊಂಡ್ರು" ಅಂದರು ಅವರು. "ಇಷ್ಟಕ್ಕ ಸಾಕು ಅಕ್ಕಾ. ಬ್ಯಾರೆಯವರಿಗೆ ತೋರಿಸ್ತೀನಿ."

"ಗಾಡಿ ಇಲ್ಲೇ ಇರ್ತೈತ್ರಿ. ಕಟ್ಟಿದಾಕಿ ನಾನು, ಹುಡುಕಾಕಿನೂ ನಾನ. ನಾಕು ದಿನ ಬಿಟ್ಟು ಬರ್ರಿ."

ಬಳ್ಳಾರಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರಿಗೆ ಫೋನ್ ಮಾಡಿದೆ. ಅವರೂ "ವಾಪಸ್ ಕೊಟ್ಟುಬಿಡಮ್ಮಾ, ಸುಮ್ನ ಹೆಸರು ಕೆಡ್ತೈತಿ" ಅಂದರು.

"ಕೊಟ್ರನ ಕೆಡೋದು ಉಸ್ತಾದ್" ಅಂದು ಫೋನ್ ಇಟ್ಟೆ. ಅವರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು.

ಈ ಇಂಜಿನ್ನು ತಣ್ಣಗಾಗುವುದೇ ಹೊಳೆಯ ನೀರಿನಿಂದ. ಗ್ಯಾರೇಜಿನಲ್ಲಿ ಓಡಿಸಬೇಕೆಂದರೆ ನಲ್ಲಿ ನೀರಿನ ಪೈಪು ಜೋಡಿಸಬೇಕು. ಮೊದಲು ಸ್ಟಾರ್ಟ್ ಮಾಡಿ ಆಮೇಲೆ ನಲ್ಲಿ ತಿರುಗಿಸಬೇಕು, ಇಲ್ಲದಿದ್ದರೆ ನೀರು ಒಳಗೆ ನುಗ್ಗುತ್ತದೆ. ಹಾಗೇ ಮಾಡುತ್ತಾ ಒಂದೊಂದೇ ನೋಡಿದೆ. ಕಂಪ್ರೆಷನ್ ಎರಡೂ ಕಡೆ ಸರಿ ಇತ್ತು. ಕಾರ್ಬುರೇಟರ್ ಬಿಚ್ಚಿ ತೊಳೆದೆ, ಏನೂ ಬದಲಾಗಲಿಲ್ಲ. ಮೂರನೇ ದಿನ ಪ್ಲಗ್ ಬಿಚ್ಚಿದಾಗ ಮುಂದಿನದು ಕಂದು ಬಣ್ಣಕ್ಕಿತ್ತು, ಹಿಂದಿನದು ಸುಣ್ಣದ ಹಾಗೆ ಬೆಳ್ಳಗೆ. ಅಂದರೆ ಹಿಂದಿನ ಸಿಲಿಂಡರಿಗೆ ಎಲ್ಲಿಂದಲೋ ಹೆಚ್ಚಿನ ಗಾಳಿ ಹೋಗುತ್ತಿದೆ.

ಇಂಜಿನ್ ಓಡುತ್ತಿರುವಾಗಲೇ ಜಾಯಿಂಟುಗಳ ಮೇಲೆ ಕ್ಲೀನರ್ ಸ್ಪ್ರೇ ಹೊಡೆಯುತ್ತಾ ಬಂದೆ. ಗಾಳಿ ಸೋರುವ ಕಡೆ ಸ್ಪ್ರೇ ಒಳಕ್ಕೆ ಹೋದರೆ ಇಂಜಿನ್ನಿನ ಸದ್ದು ಬದಲಾಗುತ್ತದೆ. ಹಿಂದಿನ ಕಾರ್ಬುರೇಟರ್ ಕೂರುವ ಮ್ಯಾನಿಫೋಲ್ಡಿನ ಬುಡಕ್ಕೆ ಹೊಡೆದ ಕೂಡಲೇ ಸದ್ದು ಬದಲಾಯಿತು. ಬಿಚ್ಚಿ ಬೆಳಕಿಗೆ ಹಿಡಿದೆ. ಗಾಳಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಗೀರು. ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ನನ್ನದೇ ಸ್ಕ್ರೂಡ್ರೈವರ್ ಜಾರಿತ್ತು.

ಸಾಮಾನು ಸರಿ ಇರಲಿಲ್ಲ ಎಂದು ಹೇಳಿ ಮುಚ್ಚಿಹಾಕಬಹುದಿತ್ತು. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಆ ಮುಖವನ್ನು ತಿಕ್ಕಿ ಸಮ ಮಾಡಿದೆ, ಹೊಸ ಗ್ಯಾಸ್ಕೆಟ್ ಕೂರಿಸಿದೆ. ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಬಿಟ್ಟೆ. ಇಂಜಿನ್ ಆರದೆ ಒಂದೇ ಸಮನೆ ಓಡುತ್ತಲೇ ಇತ್ತು.

ಮಾಲೀಕರು ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಕ್ಕರು. "ಅಂದ್ರ ಮನ್ಯಾಗ ಹೇಳಿದ್ದ ಖರೇ ಆತಲ್ಲ?"

"ಕೈ ಜಾರಿದ್ದು ಖರೇರಿ. ಹೆಣ್ಣಿನ ಕೈ ಅಂತ ಜಾರಲಿಲ್ಲ, ಅವಸರಕ್ಕ ಜಾರಿತು. ಹುಡುಕಿದ್ದೂ ಇದ ಕೈ."

ನೀರಿಗೆ ಇಳಿಸಿ ನೋಡದೆ ಕೆಲಸ ಮುಗಿಯಿತು ಅನ್ನಲಾರೆ ಎಂದು ಅವರ ಜೊತೆಗೇ ಸಿರುಗುಪ್ಪಕ್ಕೆ ಹೋದೆ. ಅವರು ಹೊಳೆಯಲ್ಲಿ ಎರಡು ಸುತ್ತು ಹೊಡೆದು ದಡಕ್ಕೆ ಬಂದರು. ಸ್ಲೋದಲ್ಲಿ ಬಿಟ್ಟರೂ ಇಂಜಿನ್ ಆರಲಿಲ್ಲ. ಇಳಿಯುತ್ತಲೇ ಯಾರಿಗೋ ಫೋನ್ ಹಚ್ಚಿ, "ಫಸ್ಟ್ ಕ್ಲಾಸ್ ಆಗೈತಿ. ಕುರುಗೋಡಿನ್ಯಾಗ ಮೆಕ್ಯಾನಿಕ್ ಒಬ್ಬ ಅದಾನ..." ಅನ್ನತೊಡಗಿದರು.

ನಾನು ಎದುರಿಗೇ ಹೋಗಿ ನಿಂತೆ. "ಒಬ್ಬ ಅಲ್ರಿ. ಒಬ್ಬಾಕಿ ಅನ್ರಿ."

ಅವರು ನನ್ನ ಮುಖ ನೋಡಿದರು. ನಾನು ಕದಲಲಿಲ್ಲ.

"ಒಬ್ಬಾಕಿ ಅದಾಳ" ಅಂದರು ಫೋನಿಗೆ. "ಹ್ಞೂಂನೋ, ಹೆಣ್ಮಗಳು. ಹೌದು, ಆಕಿನ ಕಟ್ಟ್ಯಾಳ."