ಬಿಸಿಲಿಗೆ ಏರುತ್ತಿದ್ದ ಜ್ವರ

ಮಗಳಿಗೆ ಮೂರು ತುಂಬಿದ ವರ್ಷ, ಸ್ಯಾನ್ ಡಿಯಾಗೊದಲ್ಲಿ, ಒಂದೇ ತಿಂಗಳಲ್ಲಿ ಮೂರು ಸಲ ಡೇಕೇರ್‌ನಿಂದ ಫೋನ್ ಬಂತು. ಜ್ವರ ನೂರಾ ಒಂದಿದೆ, ಬಂದು ಕರೆದುಕೊಂಡು ಹೋಗಿ ಎಂದು. ನಾನು ಸ್ಕ್ರಿಪ್ಸ್ ರ್ಯಾಂಚ್‌ನ ಲ್ಯಾಬಿನಲ್ಲಿ ಕೈಗವಸು ಕಳಚಿಟ್ಟು ಕರ್ನಿ ಮೆಸಾದಲ್ಲಿದ್ದ ಡೇಕೇರ್‌ಗೆ ಓಡುತ್ತಿದ್ದೆ. ಮನೆಗೆ ಬಂದು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ತೊಂಬತ್ತೆಂಟು. ಆದರೂ ನಿಯಮದಂತೆ ಮಾರನೆಯ ದಿನ ಅವಳನ್ನು ಕಳಿಸುವಂತಿರಲಿಲ್ಲ. ನಾನೋ ಅವಳಪ್ಪನೋ ರಜೆ ಹಾಕಬೇಕು.

ಮೂರನೆಯ ಸಲ ಕಾರಿನ ಹಿಂದಿನ ಸೀಟಿನಿಂದ ಅವಳು, ತನಗೇನೂ ಆಗಿಲ್ಲ, ಓಡಿ ಆಡಿ ಆಗತಾನೇ ಒಳಗೆ ಬಂದಿದ್ದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ಯಾವಾಗ್ಲೂ ಆಟ ಆದ್ಮೇಲೇನಾ ಪುಟ್ಟಿ ಜ್ವರ ನೋಡೋದು?"

"ಯೆಸ್ ಅಮ್ಮ. ಲೈನಲ್ಲಿ ನಿಲ್ಲಿಸಿ."

ನನಗೆ ನಾಚಿಕೆಯಾಯಿತು. ಲ್ಯಾಬಿನ ಫ್ರೀಜರ್‌ಗಳ ಉಷ್ಣತೆಯನ್ನು ದಿನಾ ಬರೆದಿಡುವವಳು ನಾನು. ಅಂಕಿ ಸ್ವಲ್ಪ ಏರುಪೇರಾದರೂ ಇನ್ನೊಂದು ಥರ್ಮಾಮೀಟರ್ ಇಟ್ಟು ನೋಡದೆ ನಂಬುವುದಿಲ್ಲ. ಮಗಳ ವಿಷಯದಲ್ಲಿ ಮಾತ್ರ, ಎಲ್ಲಿ, ಯಾವಾಗ ನೋಡಿದಿರಿ ಎಂದು ಒಂದು ಮಾತೂ ಕೇಳಿರಲಿಲ್ಲ.

ದೂರು ಬರೆಯೋಣ ಎಂದರು ನಮ್ಮವರು. ನಾನು ಬೇಡವೆಂದು, ಮನೆಯ ಥರ್ಮಾಮೀಟರನ್ನು ಚೀಲದಲ್ಲಿಟ್ಟುಕೊಂಡು ಆಟದ ಹೊತ್ತಿಗೇ ಡೇಕೇರ್‌ಗೆ ಹೋದೆ. ಅದನ್ನು ನಡೆಸುತ್ತಿದ್ದವರು ಎಷ್ಟೋ ವರ್ಷ ಮಕ್ಕಳನ್ನು ಸಾಕಿದ ಹಿರಿಯ ಹೆಂಗಸು. ಹಣೆಗೆ ಹಿಡಿದು ಜ್ವರ ನೋಡುವ ಯಂತ್ರ ಹೊಸದು, ಬೇರೆ ಮಕ್ಕಳ ಮನೆಯವರು ಯಾರೂ ಏನೂ ಹೇಳಿಲ್ಲ ಎಂದು ಮುಖ ಬಿಗಿದುಕೊಂಡರು. ನಾನು ಕೇಳಿದ್ದು ಇಷ್ಟೇ: ನಾವಿಬ್ಬರೂ ಮಕ್ಕಳ ಜೊತೆ ಸ್ವಲ್ಪ ಹೊತ್ತು ಬಿಸಿಲಲ್ಲಿದ್ದು ಬರೋಣ, ಆಮೇಲೆ ಅದೇ ಯಂತ್ರ ನಮ್ಮ ಹಣೆಗೂ ಹಿಡಿದು ನೋಡಿ.

ಒಳಗೆ ಬಂದ ಕೂಡಲೇ ಅವರ ಹಣೆಯೇ ನೂರು ದಾಟಿತ್ತು. ಇನ್ನೊಮ್ಮೆ ಒತ್ತಿದರೂ ಅಷ್ಟೇ ಬಂತು. ಅವರ ಕಂಕುಳಲ್ಲಿ ನನ್ನ ಥರ್ಮಾಮೀಟರ್ ತೊಂಬತ್ತೆಂಟು ತೋರಿಸಿತು. ಒಳಗೇ ಕಾಲು ಗಂಟೆ ಕೂತ ಮೇಲೆ ಆ ಯಂತ್ರವೂ ಅದನ್ನೇ ಹೇಳಿತು. ಅವರು ಯಂತ್ರವನ್ನು ಕೆಳಗಿಟ್ಟರು. ಆಮೇಲೆ, ಇಷ್ಟು ದಿನ ಚೆನ್ನಾಗಿದ್ದ ಮಕ್ಕಳನ್ನೇ ಮನೆಗೆ ಕಳಿಸಿದೆನಲ್ಲ, ತಪ್ಪು ನನ್ನದು ಎಂದರು. ತಮ್ಮ ಟೀಚರುಗಳೆಲ್ಲ ಎದುರಿಗಿರುವಾಗಲೇ ಹಾಗೆ ಹೇಳಿದ್ದು ನೋಡಿ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಅಂದೇ ಅವರು ಕೈಯಾರೆ ಒಂದು ಹಾಳೆ ಬರೆದು ಬಾಗಿಲಿಗೆ ಅಂಟಿಸಿದರು. ಹೊರಗಿಂದ ಬಂದ ಮಗು ಮೊದಲು ಕಾಲು ಗಂಟೆ ಒಳಗೆ ಕೂರಬೇಕು. ಆಮೇಲೂ ಹೆಚ್ಚಿದ್ದರೆ ಕಂಕುಳಲ್ಲಿ ನೋಡಬೇಕು. ಎರಡನ್ನೂ ಗಂಟೆ ಸಮೇತ ಬರೆದಿಟ್ಟು ಫೋನ್ ಮಾಡಬೇಕು.

ಎರಡು ತಿಂಗಳಾದ ಮೇಲೆ ಮತ್ತೆ ಫೋನ್ ಬಂತು. ಹಣೆಯಲ್ಲೂ ಕಂಕುಳಲ್ಲೂ ನೂರಾ ಎರಡು. ಈ ಸಲ ನನಗೆ ಅನುಮಾನವೇ ಬರಲಿಲ್ಲ. ಮಗಳಿಗೆ ಕಿವಿಯೊಳಗೆ ಸೋಂಕಾಗಿತ್ತು. ಜ್ವರ ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಡಾಕ್ಟರ್ ಕೇಳಿದಾಗ ಡೇಕೇರ್‌ನಲ್ಲಿ ಬರೆದುಕೊಟ್ಟಿದ್ದ ಚೀಟಿಯನ್ನೇ ಅವರ ಕೈಗೆ ಕೊಟ್ಟೆ. ಇಷ್ಟು ಅಚ್ಚುಕಟ್ಟಾಗಿ ಯಾರು ಬರೆದರು ಎಂದು ಅವರು ಕೇಳಿದರು. ನಮ್ಮ ಡೇಕೇರ್‌ನವರು ಎಂದೆ, ಸ್ವಂತ ಅಕ್ಕನ ವಿಷಯ ಹೇಳುವಷ್ಟು ಹೆಮ್ಮೆಯಿಂದ.