ರೈಟ್ ಮತ್ತು ಹೋಲ್ಡಾನ್

ನನ್ನ ತಂಗಿ ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದಳು. ಬಸ್ಸು ಹೊರಡಬೇಕಾದರೆ ‘ರೈಟ್’ ಅನ್ನುವುದು, ನಿಲ್ಲಬೇಕಾದರೆ ‘ಹೋಲ್ಡಾನ್’ ಅನ್ನುವುದು. ಇವೆರಡರ ನಡುವೆ ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ಅಂಥವಳಿಗೆ ಒಂದು ಬೆಳಿಗ್ಗೆ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಾತು ನಿಂತುಹೋಯಿತು. ಕೈಕಾಲು ಸರಿಹೋದವು. ಮಾತಿನಲ್ಲಿ ಉಳಿದದ್ದು ‘ರೈಟ್’ ಒಂದೇ. ಹಸಿವಾಯಿತೇ ಎಂದರೂ ರೈಟ್, ಹೊಟ್ಟೆ ತುಂಬಿತೇ ಎಂದರೂ ರೈಟ್. ಸ್ನಾನದ ನೀರು ಸುಟ್ಟರೂ ರೈಟ್ ಎನ್ನುತ್ತಲೇ ಎಗರುತ್ತಿದ್ದಳು.

ಹೇಳಿದ್ದು ಅವಳಿಗೆ ತಿಳಿಯುತ್ತದೋ ಇಲ್ಲವೋ, ಅದೇ ಪ್ರಶ್ನೆ. ಆಸ್ಪತ್ರೆಯಲ್ಲಿ ಚಿತ್ರ ತೋರಿಸಿ, ಬೆರಳು ಮಾಡಿ ಕೇಳಿದರು. ಎಲ್ಲದಕ್ಕೂ ಅದೇ ಉತ್ತರ. ಅವಳ ಮಗಳು ಕೈಚೆಲ್ಲಿದ್ದಳು.

“ಅಮ್ಮನಿಗೆ ಏನೂ ತಿಳಿಯಲ್ಲ ದೊಡ್ಡಮ್ಮ. ನೀವು ಸುಮ್ನೆ ಗೋಡೆ ಜೊತೆ ಮಾತಾಡ್ತೀರ” ಎನ್ನುತ್ತಿದ್ದಳು, ತಾಯಿಯ ಎದುರಿಗೇ. ಮಾತು ಕಲಿಸುವ ತರಗತಿಗೆ ಸೇರಿಸುವುದೂ ದಂಡ ಎಂದು ಬಿಟ್ಟಿದ್ದಳು. ಕೊನೆಗೆ ಡಾಕ್ಟರು, ಬಾಯಿಯನ್ನು ಕೇಳುವುದು ಬೇಡ, ಮಿದುಳನ್ನೇ ಕೇಳೋಣ, ತರಗತಿಯ ವಿಚಾರ ಆಮೇಲೆ ಅಂದರು.

ತಂಗಿಯ ತಲೆಗೆ ತಂತಿಗಳ ಟೋಪಿ ಹಾಕಿ, ಕೂದಲ ಸಂದಿಗೆ ತಣ್ಣನೆಯ ಅಂಟು ತುಂಬಿದರು. ಮಿದುಳಿನಲ್ಲಿ ಓಡುವ ಚೂರು ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಬರುತ್ತದಂತೆ. ವಾಕ್ಯಗಳನ್ನು ಕೇಳಿಸಿದಾಗ, ಅರ್ಥವಾಗುವವರಿಗೆ ತಪ್ಪು ಪದ ಬಂದ ಕಡೆ ಗೆರೆ ಬೇರೆ ಥರ ಬಾಗುತ್ತದಂತೆ. ಒಂದು ವಾಕ್ಯದಿಂದ ಏನೂ ತಿಳಿಯದು, ನೂರಾರು ಕೂಡಿಸಬೇಕು, ಅಲ್ಲಾಡದೆ ಕೂರಬೇಕು ಎಂದಳು ಯಂತ್ರ ನೋಡಿಕೊಳ್ಳುವಾಕೆ.

ಸ್ಪೀಕರ್ ಪೆಟ್ಟಿಗೆಯಿಂದ ಗಂಡಸಿನ ಗಂಭೀರ ದನಿ ಬಂತು. “ಬಾಯಾರಿತ್ತು, ಒಂದು ಲೋಟ ನೀರು ಕುಡಿದೆ.” ಸರಿ. “ಚಳಿಯಾಯಿತು, ಕಂಬಳಿ ಹುರಿದೆ.” ನಾನು ಕರ್ಚೀಫು ಬಾಯಿಗೆ ತುರುಕಿಕೊಂಡೆ. “ಅತ್ತೆ ಬಂದರು, ಕೂರಿಸಿ ಇಸ್ತ್ರಿ ಮಾಡಿದೆ.”

ತಂಗಿಯ ಭುಜ ಕುಣಿಯತೊಡಗಿತು. ಅದನ್ನು ನೋಡಿ ನನಗೆ ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ನಕ್ಕರೆ ಗೆರೆ ಕೆಡುತ್ತದೆ ಎಂದು ಯಂತ್ರದಾಕೆ ಎರಡು ಸಲ ಗದರಿ, ಮೂರನೆಯ ಸಲ ತಾನೇ ಗೋಡೆಯ ಕಡೆ ತಿರುಗಿಕೊಂಡಳು. ಮಗಳೊಬ್ಬಳು ಮಾತ್ರ ನಗಲಿಲ್ಲ. ದೊಡ್ಡಮ್ಮ ನಗುವುದನ್ನು ಕಂಡು ಅಮ್ಮ ನಗುತ್ತಾಳೆ, ಅಷ್ಟೇ ಅಂದಳು.

ತಂಗಿಗೆ ಕಾಣದಂತೆ ನನ್ನನ್ನು ಬಟ್ಟೆಯ ಪರದೆಯ ಹಿಂದೆ ಕೂರಿಸಿದರು. ದನಿ ಮುಂದುವರಿಯಿತು. “ಬಸ್ಸು ಬಂತು, ಜನರೆಲ್ಲ ಸೇರಿ ಮಡಚಿಟ್ಟರು.”

“ಹೋಲ್ಡಾನ್.”

ಇಣುಕಿ ನೋಡಿದರೆ ತಂಗಿ ಟೋಪಿ ತಂತಿ ಸಮೇತ ಎದ್ದು ನಿಂತಿದ್ದಾಳೆ, ಒಂದು ಕೈ ಮೇಲೆತ್ತಿ. ಆ ಪದ ಅವಳ ಬಾಯಲ್ಲಿ ಬಂದು ಎಂಟು ತಿಂಗಳಾಗಿತ್ತು.

ಆ ಒಂದು ಗೆರೆ ಕೆಟ್ಟಿತು, ಉಳಿದವು ಸಾಕಾದವು. ಡಾಕ್ಟರು ಎಲ್ಲ ಕೂಡಿಸಿ ತೋರಿಸಿದರು. ತಪ್ಪು ಪದಗಳಿಗೆ ಗೆರೆ ಬಾಗಿತ್ತು, ತುಸು ತಡವಾಗಿ, ಆದರೆ ಬಾಗಿತ್ತು. ಸೋಮವಾರದಿಂದಲೇ ತರಗತಿ ಎಂದರು.

ಮಗಳ ಮುಖ ಸಣ್ಣದಾಯಿತು. “ಅಮ್ಮಾ, ಇಷ್ಟು ದಿನ ನಿನ್ನೆದುರಿಗೆ ನಾನು ಅಂದಿದ್ದೆಲ್ಲ ತಿಳೀತಿತ್ತಾ?”

ಟಿಕೆಟಿಲ್ಲದೆ ಸಿಕ್ಕಿಬಿದ್ದವರನ್ನು ನೋಡುವ ಹಾಗೆ ತಂಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೆನ್ನೆ ಹಿಂಡಿ, “ರೈಟ್” ಅಂದಳು.